ಗಾರೆಯವನ ಕೊನೆಯ ಕುಸ್ತಿ

ಟೀವಿ ಕುಸ್ತಿಯಲ್ಲಿ ಗೆಲ್ಲುವುದಕ್ಕೆ ಎಣ್ಣೆ ಹಚ್ಚಿದ ಮೈ ಇದ್ದರೆ ಸಾಕು, ಬೀಳುವುದಕ್ಕೆ ಮಾತ್ರ ವಿದ್ಯೆ ಬೇಕು ಎಂದು ಚಿಕ್ಕಪ್ಪ ಮೂವತ್ತು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದ. ಗೆಲ್ಲುವವನು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ, ಅದೆಲ್ಲ ಬರೀ ನಾಟಕ ಎಂದು ಯಾರಾದರೂ ಮೂಗು ಮುರಿದರೆ, "ನಾಟಕ ಅಂತ ನಂಗೇನು ಗೊತ್ತಿಲ್ವಾ? ಬನ್ನಿ, ನಿಮ್ಮನ್ನ ಎಂಟಡಿ ಎತ್ತಿ ಕೆಳಗೆ ಹಾಕ್ತೀನಿ, ನಾಟಕ ಮಾಡಿ ನೋಡೋಣ" ಎಂದು ಬಾಯಿ ಮುಚ್ಚಿಸುತ್ತಿದ್ದ. ಬೇರೆ ಯಾವ ವಿಷಯಕ್ಕೂ ಅವನು ಯಾರ ಬಾಯಿಯನ್ನೂ ಮುಚ್ಚಿಸಿದವನಲ್ಲ.

ಅವನಿಗೆ ಮದುವೆಯಾಗಿರಲಿಲ್ಲ. ಅಣ್ಣನ ಮಗಳು ಕರೆದದ್ದೇ ಹೆಸರಾಗಿ ಇಡೀ ಬೀದಿಗೆ ಚಿಕ್ಕಪ್ಪನಾಗಿಬಿಟ್ಟಿದ್ದ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಹಾಲಿನಂಗಡಿಯ ಅಜ್ಜಿ ಕೂಡ ಹಾಗೇ ಕರೆಯುತ್ತಿದ್ದಳು. ಅಪ್ಪ ಬಿಟ್ಟುಹೋದ ಹಾಸಿಗೆ ಅಂಗಡಿಯಲ್ಲಿ ಕೆಳಗಿನ ಕೌಂಟರ್ ಅಣ್ಣನದು, ಮೇಲಿನ ಹೊಲಿಗೆ ಹಾಲ್ ಚಿಕ್ಕಪ್ಪನದು. ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ಬೆತ್ತದಿಂದ ಬಡಿದು ಸಮ ಮಾಡಿ, ಉದ್ದನೆಯ ದಬ್ಬಣದಲ್ಲಿ ದಾರ ಎಳೆದು ಗಂಟು ಹಾಕುವುದು ಅವನ ಕೆಲಸ. ಕೆಲಸ ಮುಗಿದ ಮೇಲೆ ಅದೇ ಹಾಲಿನ ಮೂಲೆಯಲ್ಲಿ ಮಲಗುತ್ತಿದ್ದ. ಎಡಗೈ ಎದೆಯ ಮಟ್ಟಕ್ಕೂ ಸಲೀಸಾಗಿ ಏಳುತ್ತಿರಲಿಲ್ಲವಾದ್ದರಿಂದ ಎಳೆಯುವುದೆಲ್ಲ ಬಲಗೈಯಲ್ಲೇ. ಆದರೂ ಅವನು ಹಾಕಿದ ಗಂಟು ಬಿಚ್ಚಿಕೊಂಡಿತು ಎಂದು ಒಬ್ಬ ಗಿರಾಕಿಯೂ ವಾಪಸ್ಸು ಬಂದಿರಲಿಲ್ಲ.

ಹೋದ ಸೋಮವಾರ ಅಣ್ಣ ಮೆಟ್ಟಿಲು ಹತ್ತಿ ಬಂದು, ಸ್ಪಂಜ್ ಹಾಸಿಗೆ ಕಂಪನಿಯವರ ಜೊತೆ ಮಾತು ನಡೆದಿದೆ, ಈ ಹಾಲ್ ಮುಚ್ಚಬೇಕಾಗಬಹುದು ಎಂದು ಹೇಳಿದ್ದ. ಹವಾಮಾನದ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದ್ದ. ಚಿಕ್ಕಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು, "ಹಾಲ್ ಒಂದು ಮುಚ್ಚಬೇಡ ಅಣ್ಣ" ಎಂದ. ಹುಟ್ಟಿದ ಮೇಲೆ ಅವನು ಅಣ್ಣನಿಗೆ ಬೇಡ ಎಂದದ್ದು ಅದೇ ಮೊದಲು. ಹೊಲಿಗೆ ಮೆಷೀನು ಎದ್ದು ಮಾತಾಡಿತೇನೋ ಎಂಬಂತೆ ಅಣ್ಣ ಅವನ ಮುಖ ನೋಡಿದ.

"ಆಯ್ತು ಕಣೋ, ಯೋಚನೆ ಮಾಡ್ತೀನಿ. ಭಾನುವಾರ ಟೀವೀಲಿ ನಿನ್ನ ಕುಸ್ತಿ ಇದೆಯಲ್ಲ, ನಾನೂ ಬರ್ತೀನಿ. ನೋಡ್ಕೊಂಡು ಹಾಗೇ ಮಾತಾಡೋಣ."

ಹೀಗಾಗಿ ಆ ಭಾನುವಾರ ಚಿಕ್ಕಪ್ಪನಿಗೆ ಕಾಯುವುದಕ್ಕೆ ಎರಡು ತೀರ್ಪುಗಳಿದ್ದವು. ಒಂದು ಹೊಲಿಗೆ ಹಾಲ್‌ನದು, ಇನ್ನೊಂದು ಗಾರೆಯವನದು.

ಗಾರೆಯವನು ಟೀವಿಯ ಕುಸ್ತಿಪಟು. ಸಿಮೆಂಟು ಮೆತ್ತಿದ ಪ್ಯಾಂಟು ತೊಟ್ಟು, ಕೈಯಲ್ಲಿ ಕರಣೆ ಹಿಡಿದು ಬಂದು, ರಿಂಗಿನ ಮೂಲೆಯನ್ನು ಗೋಡೆ ಸವರುವ ಹಾಗೆ ಎರಡು ಸಲ ಸವರಿ ಒಳಗೆ ಕಾಲಿಡುತ್ತಿದ್ದ. ಹತ್ತೊಂಬತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಸೋಲುವುದು. ಇವತ್ತು ಚಾಂಪಿಯನ್ ಬೆಲ್ಟ್ ಹೆಗಲ ಮೇಲೆ ಹಾಕಿಕೊಂಡು ಮೆರೆಯುವವರೆಲ್ಲ ಮೊದಲು ದೊಡ್ಡವರಾಗಿ ಕಂಡದ್ದು ಅವನನ್ನು ನೆಲಕ್ಕೆ ಕೆಡವಿಯೇ. ಈಗ ಅವನ ಕೊನೆಯ ಕುಸ್ತಿ, ಎದುರಾಳಿ ಚಿನ್ನದ ನಿಲುವಂಗಿಯ ದೊರೆ. ಹೋಗುವ ಮುನ್ನ ಒಮ್ಮೆಯಾದರೂ ಬೆಲ್ಟ್ ಮುಟ್ಟುತ್ತಾನಾ ಎಂದು ಕೇಳಿ ಕೇಳಿ ಕುಸ್ತಿ ಕಂಪನಿಯವರು ಮೂರು ತಿಂಗಳಿಂದ ಜನರ ಕರುಳು ಹಿಂಡುತ್ತಿದ್ದರು. ದುಡ್ಡು ಕಟ್ಟಿದವರಿಗಷ್ಟೇ ಕಾಣುವ ಶೋ ಅದು. ಅಣ್ಣನ ಮಗಳು ತನ್ನ ಫೋನಿನಲ್ಲಿ ದುಡ್ಡು ಕಟ್ಟಿ, ವೈರು ಎಳೆದು ಹಾಲಿನ ಟೀವಿಗೆ ಸೇರಿಸಿಕೊಟ್ಟಳು.

"ಗೆಲ್ಲಲ್ಲ ಚಿಕ್ಕಪ್ಪ. ಬಿಟ್ಟು ಹೋಗೋನು ಸೋತೇ ಹೋಗ್ಬೇಕು, ಸೋತು ಗೆದ್ದವನ ಕೈ ಎತ್ತಬೇಕು, ಅದು ಅವರ ಪದ್ಧತಿ ಅಂತ ನೀನೇ ಹೇಳ್ಕೊಟ್ಟಿದ್ದು" ಎಂದಳು.

"ಪದ್ಧತಿ ಇದೆ. ಆದ್ರೆ ಹತ್ತೊಂಬತ್ತು ವರ್ಷ ಪದ್ಧತಿ ನಡೆಸಿಕೊಟ್ಟವನಿಗೆ ಒಂದಿನ ರಜ ಕೊಡಲ್ವೇನೇ?"

ಬೆಳಿಗ್ಗೆ ಹತ್ತಕ್ಕೆ ಶೋ ಶುರುವಾಯಿತು. ಚಿಕ್ಕಪ್ಪ ಹೊಸ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ಕೂತ. ಮೊದಲನೆಯ ಕುಸ್ತಿ ಎರಡು ಜೋಡಿ ಅವಳಿಗಳದು. ಹಾರಿದರು, ಪಲ್ಟಿ ಹೊಡೆದರು, ಬಿದ್ದ ಕೂಡಲೇ ಚೆಂಡಿನಂತೆ ಎದ್ದರು. "ಹಾರೋದು ಕಾಗೆಗೂ ಬರತ್ತೆ. ಬಿದ್ಮೇಲೆ ಅರ್ಧ ನಿಮಿಷ ನೋವು ತೋರ್ಸಕ್ಕಾಗಲ್ವಾ ಈ ಮಕ್ಕಳಿಗೆ?" ಎಂದು ಗೊಣಗಿದ. ಆಮೇಲೆ ಇಬ್ಬರು ಹೆಂಗಸರು ಬಂದರು. ಒಬ್ಬಳಿಗೆ ಮೊದಲನೇ ನಿಮಿಷವೇ ಮೊಣಕಾಲಿಗೆ ಪೆಟ್ಟು ಬಿತ್ತು. ಇಪ್ಪತ್ತನೇ ನಿಮಿಷದಲ್ಲಿ ಗೆದ್ದು ಬೆಲ್ಟ್ ಎತ್ತಿಹಿಡಿದಾಗಲೂ ಅವಳು ಕುಂಟುತ್ತಿದ್ದಳು. ಚಿಕ್ಕಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. "ನೋಡು, ಗೆದ್ದ ಖುಷೀಲೂ ಕಾಲು ಮರೆತಿಲ್ಲ. ಇದು ಕಣೇ ಕೆಲಸ ಅಂದ್ರೆ."

ಅಲ್ಲಿಗೆ ಒಳ್ಳೆಯದು ಮುಗಿಯಿತು. ಮುಂದೆ ಒಬ್ಬ ಹಾಡುಗಾರ ಬಂದು ಇಪ್ಪತ್ತಾರು ನಿಮಿಷ ಹೊಗೆಯ ನಡುವೆ ಕುಣಿದ. ಅವನು ಇಳಿದರೆ ಒಬ್ಬ ಸಿನಿಮಾ ನಟ ಹತ್ತಿದ. ಹದಿನೈದು ವರ್ಷ ಮೈ ಮುರಿದು ಕಲಿತ ಪೈಲ್ವಾನನೊಬ್ಬ ಈ ನಟನ ಒಂದೇ ಗುದ್ದಿಗೆ ಕಡಿದ ಮರದಂತೆ ಉರುಳಬೇಕಾಯಿತು. ಚಿಕ್ಕಪ್ಪ ಗಡಿಯಾರ ನೋಡಿದ, ಶೋ ಮುಗಿಯಲು ಕಾಲು ಗಂಟೆಯೂ ಇರಲಿಲ್ಲ. "ಇವರ ಕುಣಿತಕ್ಕೆಲ್ಲ ಟೈಮಿದೆ, ಗಾರೆಯವನಿಗೆ ಮಾತ್ರ ಇಲ್ಲ" ಎಂದು ಹಲ್ಲು ಕಡಿದ.

ಆ ಹೊತ್ತಿಗೆ ಅಣ್ಣ ಏದುಸಿರು ಬಿಡುತ್ತ ಮೇಲೆ ಬಂದು ಹಾಸಿಗೆಯ ಮೇಲೆ ಧೊಪ್ಪೆಂದು ಕೂತ. ಆ ಸದ್ದು ಚಿಕ್ಕಪ್ಪನ ಮೈಗೆಲ್ಲ ಗುರುತಿತ್ತು. ಅವನಿಗೆ ಹತ್ತು, ಅಣ್ಣನಿಗೆ ಹದಿನಾಲ್ಕು ಇದ್ದಾಗ ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಇದೇ ಹಾಲ್ ಅವರ ರಿಂಗ್ ಆಗುತ್ತಿತ್ತು. ದೊರೆ ಯಾವಾಗಲೂ ಅಣ್ಣನೇ. ನೀನು ಬಿದ್ದರೇನೇ ಚೆಂದ ಕಣೋ ಎಂದು ಅಣ್ಣ ಹೊಗಳುತ್ತಿದ್ದ, ಆ ಹೊಗಳಿಕೆಗೆ ಇವನು ಉಬ್ಬಿ ಇನ್ನೂ ಚೆಂದವಾಗಿ ಬೀಳುತ್ತಿದ್ದ. ಒಂದು ದಿನ ಎಂಟು ಹಾಸಿಗೆಯ ಒಟ್ಟಿಲ ಮೇಲಿಂದ ಅಣ್ಣ ಎಸೆದಾಗ ಹಾಸಿಗೆ ತಪ್ಪಿ ನೆಲಕ್ಕೆ ಬಿದ್ದ. ಭುಜ ಮುರಿದು ಕಿರುಚಿಕೊಂಡ. ಎಂಥಾ ನಟನೆ ಮಾಡ್ತೀಯೋ ಎಂದು ಅಣ್ಣ ಮೇಲೆ ಹತ್ತಿ ಕೂತು, ಗೆದ್ದೆನೆಂದು ಮೂರು ಎಣಿಸಿದ.

ಆಮೇಲೆ ಅಣ್ಣನೂ ಅತ್ತ, ಅದು ಸುಳ್ಳಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತು, ಟೀವಿಯ ರೆಫರಿಗಳು ಮಾಡುವ ಸನ್ನೆಯನ್ನೇ ನಿಯಮ ಮಾಡಿದ. ಎರಡೂ ಕೈ ಎದೆಯ ಮೇಲೆ ಕತ್ತರಿ ಹಾಕಿದರೆ ಇದು ಆಟವಲ್ಲ, ನಿಜವಾಗಿ ನೋವಾಗಿದೆ ಎಂದು ಅರ್ಥ. "ಹಾಗೆ ಮಾಡು, ಏನಾಗಿದ್ರೂ ಅಲ್ಲಿಗೇ ನಿಲ್ಲಿಸ್ತೀನಿ. ನಿನ್ನಾಣೆ" ಎಂದಿದ್ದ. ಮೂವತ್ತೆಂಟು ವರ್ಷ ಕಳೆದಿತ್ತು. ಚಿಕ್ಕಪ್ಪ ಆ ಸನ್ನೆಯನ್ನು ಒಮ್ಮೆಯೂ ಮಾಡಿರಲಿಲ್ಲ. ಹುಡುಗಿ ನೋಡಲು ಹೊರಟಾಗ ಈಗ ಮನೆಗೆ ಇನ್ನೊಂದು ಸಂಸಾರ ಭಾರ ಎಂದು ಅಣ್ಣ ತಡೆದಾಗಲೂ ಮಾಡಿರಲಿಲ್ಲ.

ಗಾರೆಯವನು ಬಂದ. ಮೂಲೆ ಸವರಿದ. ಸಾವಿರಾರು ಜನ ಎದ್ದು ನಿಂತು ಕೂಗಿದರು. ಅಷ್ಟರಲ್ಲಿ ಅಣ್ಣನ ಫೋನು ಹೊಡೆದುಕೊಂಡಿತು. "ಹಾ ಸಾರ್, ಹೇಳಿ ಸಾರ್" ಎನ್ನುತ್ತ ಅವನು ಎದ್ದು ಮೆಟ್ಟಿಲ ಕಡೆ ಹೋದ.

ಕುಸ್ತಿ ನಾಲ್ಕು ನಿಮಿಷವೂ ನಡೆಯಲಿಲ್ಲ. ಟೈಮಿಲ್ಲದ ಅವಸರಕ್ಕೆ ದೊರೆ ಸರಿಯಾಗಿ ಹಿಡಿಯದೆ ಎತ್ತಿ, ಸರಿಯಾಗಿ ನೋಡದೆ ಎಸೆದ. ಗಾರೆಯವನು ಭುಜದ ಮೇಲೆ ಬಿದ್ದ. ಚಿಕ್ಕಪ್ಪ "ಅಯ್ಯೋ" ಎಂದು ಎದ್ದೇಬಿಟ್ಟ. ಬೀಳುವುದು ಗೊತ್ತಿದ್ದವನು ಹಾಗೆ ಬೀಳುವುದಿಲ್ಲ. ರೆಫರಿ ಬಗ್ಗಿ ಏನೋ ಕೇಳಿದ, ನೆಟ್ಟಗೆ ನಿಂತು ಎರಡೂ ಕೈ ಕತ್ತರಿ ಹಾಕಿ ಹೊರಗಿನವರಿಗೆ ತೋರಿಸಿದ.

"ಅದೇನು ಚಿಕ್ಕಪ್ಪ?"

"ನಿಜವಾಗ್ಲೂ ಪೆಟ್ಟಾಗಿದೆ. ಇನ್ನು ಆಟ ಇಲ್ಲ. ದೊರೆ ಸುಮ್ನೆ ಪಕ್ಕದಲ್ಲಿ ಒರಗಿದ್ರೆ ಸಾಕು, ಮೂರು ಎಣಿಸಿ ಮುಗಿಸ್ತಾರೆ."

ದೊರೆ ಆ ಸನ್ನೆ ನೋಡಿದ. ನೋಡಿದ್ದು ಕ್ಯಾಮೆರಾದಲ್ಲೂ ಕಂಡಿತು. ಆದರೆ ಅವನ ಕೊನೆಯ ಹಾರಾಟಕ್ಕೆಂದು ಪಟಾಕಿ ಜೋಡಿಸಿದ್ದರಲ್ಲ! ಮೂಲೆಯ ಕಂಬ ಹತ್ತಿ, ಜನರಿಗೆ ಕೈ ಬೀಸಿ, ಪಟಾಕಿ ಸಿಡಿಯುವವರೆಗೆ ಕಾದು ಹಾರಿದ. ಕೆಳಗೆ ಮಲಗಿದ್ದ ಗಾರೆಯವನು ಸರಿಯಾಗಿದ್ದ ಒಂದು ಕೈಯನ್ನು ಮೇಲೆತ್ತಿ, ಬೀಳುವ ದೊರೆಯ ಸೊಂಟ ಹಿಡಿದು ಮೆಲ್ಲಗೆ ಇಳಿಸಿಕೊಂಡ. ದೊರೆಗೆ ಪೆಟ್ಟಾಗಬಾರದಲ್ಲ. ಒಂದು, ಎರಡು, ಮೂರು. ಆಮೇಲೆ ಗಾರೆಯವನು ಹಗ್ಗ ಹಿಡಿದು ಎದ್ದು, ನೇತಾಡುವ ಎಡಗೈ ಹಾಗೇ ಬಿಟ್ಟುಕೊಂಡು, ಬಲಗೈಯಲ್ಲಿ ದೊರೆಯ ಕೈ ಎತ್ತಿಹಿಡಿದ.

ಅಣ್ಣ ಫೋನು ಜೇಬಿಗಿಟ್ಟು ಒಳಬಂದದ್ದು ಆ ಹೊತ್ತಿಗೇ. "ಆಹಾ! ಸೋತ್ರೂ ಎಂಥಾ ದೊಡ್ಡ ಮನಸ್ಸು ನೋಡು ಅವನದು" ಎಂದ.

"ದೊಡ್ಡ ಮನಸ್ಸಲ್ಲ ಅಣ್ಣ, ಅನ್ಯಾಯ" ಎಂದ ಚಿಕ್ಕಪ್ಪ. "ಸೋಲಿಸ್ಲಿ, ಬೇಡ ಅನ್ನಲ್ಲ. ಇಪ್ಪತ್ತು ನಿಮಿಷ ಕೊಟ್ಟು ಸೋಲಿಸ್ಬೇಕಿತ್ತು. ಇವನು ಬಿದ್ದಿದ್ದಕ್ಕೆ ತಾನೇ ಅವರೆಲ್ಲ ದೊಡ್ಡವರಾಗಿದ್ದು? ಕೊನೇ ದಿನ ನೋವಾಗಿದೆ ಅಂತ ಗೊತ್ತಾದ್ಮೇಲೂ ಮೇಲೆ ಹಾರ್ತಾನಲ್ಲ ಆ ದೊರೆ, ಅವನು ಮನುಷ್ಯನಾ? ಅವನ ಬೆಲ್ಟಿಗಿಷ್ಟು ಬೆಂಕಿ ಹಾಕ!"

ಅಣ್ಣ ನಕ್ಕುಬಿಟ್ಟ. "ಇಷ್ಟು ವಯಸ್ಸಾದ್ರೂ ಇದೊಂದು ಹುಚ್ಚು ಬಿಡ್ಲಿಲ್ಲ ನೀನು. ಎಲ್ಲಾ ಮೊದ್ಲೇ ಮಾತಾಡ್ಕೊಂಡಿರ್ತಾರೆ ಕಣೋ." ಟೀವಿಯ ಸದ್ದು ಕಡಿಮೆ ಮಾಡಿ, ಹತ್ತಿರ ಸರಿದು ಕೂತ. "ಇರ್ಲಿ, ನಮ್ಮ ವಿಷಯ ಕೇಳು. ಕಂಪನಿಯವರದೇ ಫೋನು. ಮುಂದಿನ ತಿಂಗಳಿಂದ ಮಾಲು ಬರತ್ತೆ. ಹಾಲ್ ಖಾಲಿ ಮಾಡ್ಲೇಬೇಕು. ನೀನು ಗೋಡೌನಲ್ಲಿ ಇರು, ಅಲ್ಲೊಂದು ರೂಮಿದೆ, ಕಿಟಕಿ ಇಲ್ಲ, ಆದ್ರೂ ಗಟ್ಟಿಯಾಗಿದೆ."

ಚಿಕ್ಕಪ್ಪ ಬೆತ್ತ ನೇತುಹಾಕಿದ ಮೊಳೆ ನೋಡಿದ. ಅಣ್ಣನ ಮಗಳು ಖಾಲಿ ಲೋಟಗಳನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದಳು.

"ಇನ್ನೊಂದು," ಅಣ್ಣ ಬೆನ್ನು ತಟ್ಟಿದ, "ಕಂಪನಿಯ ಸಾಹೇಬರು ನಾಡಿದ್ದು ಗಿರಾಕಿಗಳನ್ನೆಲ್ಲ ಕರೆಸ್ತಿದಾರೆ. ಅವರೆದುರು ನೀನೇ ನಿಂತು ಹೇಳ್ಬೇಕು. ಹತ್ತಿ ಹಾಸಿಗೆಯೆಲ್ಲ ಹಳೇದಾಯ್ತು, ಬೆನ್ನಿಗೆ ಸ್ಪಂಜೇ ಒಳ್ಳೇದು ಅಂತ. ನಾನು ಹೇಳಿದ್ರೆ ವ್ಯಾಪಾರ ಅಂತಾರೆ, ನೀನು ಹೇಳಿದ್ರೆ ನಂಬ್ತಾರೆ ಕಣೋ."

ಚಿಕ್ಕಪ್ಪ ಬಲಗೈಯನ್ನು ಎದೆಯ ಮೇಲೆ ತಂದ. ಎಡಗೈ ಮೇಲೆ ಬರಲಾರೆನೆಂದು ಹಟ ಮಾಡಿತು. ಭುಜವನ್ನು ಒತ್ತಾಯಿಸಿ, ನೋವಿಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ ಅದನ್ನೂ ತಂದು ಬಲಗೈ ಮೇಲೆ ಅಡ್ಡವಿಟ್ಟ. ಹಾಗೇ ಅಣ್ಣನ ಮುಖವನ್ನೇ ನೋಡುತ್ತ ಕೂತ.

ಅಣ್ಣ ಆ ಕೈಗಳನ್ನು ನೋಡಿದ, ತಮ್ಮನ ಮುಖ ನೋಡಿದ. ಬಾಗಿಲಲ್ಲಿ ನಿಂತವಳ ಕೈಯಲ್ಲಿ ಲೋಟಗಳು ಒಂದಕ್ಕೊಂದು ತಾಗಿದವು.

"ಯಾಕೋ, ಚಳಿಯಾಗ್ತಿದ್ಯಾ?" ಎಂದ ಅಣ್ಣ. "ಫ್ಯಾನು ಕಮ್ಮಿ ಮಾಡ್ಲಾ?"

ಹುಡುಗಿ "ಅಪ್ಪಾ..." ಎಂದು ಬಾಯಿ ತೆಗೆದಳು. ಚಿಕ್ಕಪ್ಪ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡ.

"ಹೂಂ ಅಣ್ಣ," ಎಂದ, "ಸ್ವಲ್ಪ ಚಳಿ."