ಸೆಕೆಂಡಿಗೆ ಹದಿನಾರು ಚಿತ್ರ

ಹೆಂಡತಿ ಪೋಲಾ ಸತ್ತು ಏಳು ತಿಂಗಳಾದ ಮೇಲೆ, ಅವಳು ಹೇಗೆ ನಡೆಯುತ್ತಿದ್ದಳು ಎಂಬುದೇ ತನಗೆ ಮರೆತುಹೋಗಿದೆ ಎಂದು ಲುಚ್ಯಾನ್‌ಗೆ ಗೊತ್ತಾಯಿತು. ಕಣ್ಣು ಮುಚ್ಚಿದರೆ ಬರುತ್ತಿದ್ದವಳು ಮನೆಯ ಹಳೆಯ ಸಿನಿಮಾ ರೀಲಿನ ಪೋಲಾ: ಉದ್ಯಾನದ ದಾರಿಯಲ್ಲಿ ಕೋಳಿಯಂತೆ ಪುಟಪುಟ ಓಡುವವಳು.

ತಪ್ಪು ಅವನದೇ. ಪೋಲೆಂಡಿನ ವುಚ್ ನಗರದ ಚಿತ್ರಮಂದಿರವೊಂದರಲ್ಲಿ ಅವನು ಮೂವತ್ತನಾಲ್ಕು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಭಾವಮೈದುನ ಸಣ್ಣ ಕ್ಯಾಮೆರಾದಲ್ಲಿ ಸೆಕೆಂಡಿಗೆ ಹದಿನಾರು ಚಿತ್ರದಂತೆ ತೆಗೆದ ಆ ರೀಲನ್ನು, ಪ್ರತಿ ವರ್ಷ ಪೋಲಾಳ ಹೆಸರಿನ ಸಂತಳ ಹಬ್ಬದಂದು, ಮಂದಿರದ ಸಣ್ಣ ಯಂತ್ರದಲ್ಲಿ ಹಾಕುತ್ತಿದ್ದ. ಆ ಯಂತ್ರ ಓಡುತ್ತಿದ್ದುದು ಇಪ್ಪತ್ತನಾಲ್ಕರ ವೇಗದಲ್ಲಿ ಮಾತ್ರ. ಪೋಲಾ ಒಂದೂವರೆ ಪಟ್ಟು ಬೇಗ ನಡೆಯುತ್ತಿದ್ದಳು. ಮನೆಮಂದಿಯೆಲ್ಲ ನಗುತ್ತಿದ್ದರು.

ಹಳೆಯ ಸಹೋದ್ಯೋಗಿಯ ಮಗಳು ತೆಯೊದೋಜ್ಯಾ ಪ್ರೊಜೆಕ್ಟರ್ ರಿಪೇರಿ ಮಾಡುತ್ತಿದ್ದಳು. ತನ್ನ ಅಂಗಡಿಯಲ್ಲಿದ್ದ ಒಂದರ ಮೋಟಾರನ್ನು ಹದಿನಾರಕ್ಕೆ ಇಳಿಸಿಕೊಟ್ಟಳು.

"ಇಷ್ಟು ವರ್ಷ ಇದೇ ಕಸುಬು. ನಿಮಗೆ ಇದು ಹೊಳೀಲೇ ಇಲ್ವಾ ಮಾಮ?"

"ಹೊಳ್ದಿತ್ತು. ಅವ್ಳೂ ನಗ್ತಿದ್ಳು, ಅದಕ್ಕೆ ಹಾಗೇ ಬಿಟ್ಟೆ."

ರೀಲು ಓಡಿತು. ಪರದೆ ಎಷ್ಟು ಮಿಣುಕಿತೆಂದರೆ ಲುಚ್ಯಾನ್ ಕಣ್ಣಿಗೆ ಕೈ ಅಡ್ಡ ಹಿಡಿದ. ಬೆಳಕಿಗೆ ಅಡ್ಡವಾಗಿ ತಿರುಗುವ ರೆಕ್ಕೆಗಳು ಎರಡೇ ಇದ್ದವು. ಪ್ರತಿ ಚಿತ್ರ ಎರಡು ಸಲ ಮಿಂಚುತ್ತಿತ್ತು. ಮಂದಿರದ ಇಪ್ಪತ್ತನಾಲ್ಕರ ವೇಗದಲ್ಲಿ ಸೆಕೆಂಡಿಗೆ ನಲವತ್ತೆಂಟು ಮಿಂಚು. ಕಣ್ಣು ಅದನ್ನು ಒಂದೇ ಬೆಳಕೆಂದು ನಂಬುತ್ತದೆ. ಇಲ್ಲಿನ ಮೂವತ್ತೆರಡನ್ನು ನಂಬುವುದಿಲ್ಲ.

"ಮೂರು ರೆಕ್ಕೆ ಇದ್ದಿದ್ರೆ ಸರಿಹೋಗ್ತಿತ್ತು, ಈ ಯಂತ್ರಕ್ಕೆ ಅದು ಸಿಗಲ್ಲ," ಎಂದಳು ತೆಯೊದೋಜ್ಯಾ. "ಮತ್ತೆ ಇಪ್ಪತ್ತನಾಲ್ಕಕ್ಕೆ ಏರಿಸ್ಲಾ?"

"ಬೇಡ. ಬಲ್ಬು ತಗ್ಗಿಸು."

"ತಗ್ಗಿಸಿದ್ರೆ ಏನು ಕಾಣತ್ತೆ?"

"ಮಬ್ಬಾದ್ರೆ ಕಣ್ಣು ಸೋಮಾರಿ ಆಗತ್ತೆ. ಮಿಣುಕು ಹಿಡಿಯಕ್ಕೆ ಹೋಗಲ್ಲ."

ಅವಳು ಕಿಟಕಿ ಮುಚ್ಚಿ, ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದಳು. ಪರದೆ ಬೂದಿಯ ಬಣ್ಣಕ್ಕೆ ತಿರುಗಿತು. ಮಿಣುಕು ತೆಳುವಾಗಿ ತೆಳುವಾಗಿ ಕೊನೆಗೆ ನಿಂತಿತು.

ಮಬ್ಬಿನಲ್ಲಿ ಪೋಲಾ ನಡೆದಳು. ಎಡಗಾಲು ಊರಿ, ನೆಲ ಗಟ್ಟಿಯಿದೆಯೇ ಎಂದು ನೋಡುವವಳಂತೆ ಅರೆಗಳಿಗೆ ತಡೆದು, ಬಲಗಾಲು ಎತ್ತಿದಳು. ಆ ತಡೆಗಾಗಿಯೇ ಅವನು ರಸ್ತೆಯಲ್ಲಿ ಯಾವಾಗಲೂ ಅರ್ಧ ಹೆಜ್ಜೆ ಹಿಂದೆ ಉಳಿಯುತ್ತಿದ್ದ.

"ಮುಖವೇ ಕಾಣ್ತಿಲ್ವಲ್ಲ ಮಾಮ. ಸ್ವಲ್ಪ ಬೆಳಕು ಕೊಡ್ಲಾ?"

"ಮುಖ ಫೋಟೊದಲ್ಲಿದೆ."

ಮಂದಿರದಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ರೀಲು ಇಲ್ಲಿ ಮೂರು ನಿಮಿಷ ಓಡಿತು. ತೆಯೊದೋಜ್ಯಾ ಅದನ್ನು ಹಿಂದಕ್ಕೆ ಸುತ್ತಿದಳು.

"ಇನ್ನೊಂದ್ಸಲ ಹಾಕ್ಲಾ?"

"ನಾನೇ ಹಾಕ್ಕೋತೀನಿ," ಎಂದ ಲುಚ್ಯಾನ್. "ನೀನು ಊಟ ಮುಗಿಸ್ಕೊಂಡು ಬಾ. ಅವಸರ ಏನಿಲ್ಲ."