ಹೂವಪ್ಪ ಬಿಟ್ಟ ಎರಡಿಂಚು

"ನಿಮ್ಮನ್ನ ಗಿಡ್ಡ ಮಾಡೋದು ಸುಲಭ ಗೌಡ್ರೇ, ಬೈಕನ್ನ ಎತ್ತರ ಮಾಡೋದು ಕಷ್ಟ," ಎಂದ ಮಹಾಗಣಪತಿ.

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಅವನ ಗ್ಯಾರೇಜು. ಗ್ಯಾರೇಜು ಅಂದರೆ ಒಂದು ತಗಡಿನ ಮಾಡು, ಅದರಡಿಯಲ್ಲಿ ಬಿಚ್ಚಿ ಹಾಕಿದ ಬೈಕುಗಳು, ಮತ್ತು "ನಾಳೆ ಬನ್ನಿ" ಎಂಬ ಮಾತು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ತಾಲ್ಲೂಕಿನ ಅರ್ಧ ಬೈಕುಗಳು ಆ ನಾಳೆಗಾಗಿ ಕಾಯುತ್ತಿದ್ದವು.

ಗೌಡರೆಂದರೆ ಬೆಳ್ಳಪ್ಪ, ದನದ ಆಸ್ಪತ್ರೆಯ ಕಂಪೌಂಡರ್. ಈ ಸೀಮೆಯ ಬಾಗಿಲುಗಳಿಗೆಲ್ಲ ಅವನ ಹಣೆಯ ಪರಿಚಯವಿತ್ತು. ಡಾಂಬರು ರಸ್ತೆ, ಕಾಡುದಾರಿ, ಹಳ್ಳ, ಎಲ್ಲಕ್ಕೂ ಅವನದು ಒಂದೇ ಯೆಜ್ಡಿ ಬೈಕು. ಅದರ ಮೇಲೆ ಕೂತರೆ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ಹಾಗಾಗಿ ಬೈಕು ತಿರುಗುವುದು ರಸ್ತೆ ತಿರುಗಿದ ಕಡೆಗಲ್ಲ, ಮೊಣಕಾಲು ಒಪ್ಪಿದ ಕಡೆಗೆ. ಹೋದ ವಾರ ಒಂದು ತಿರುವಿನಲ್ಲಿ ಅದು ಒಪ್ಪಲಿಲ್ಲ. ಹಿಂದೆ ಕೂತಿದ್ದ ಹೆಂಡತಿ ಶರಾವತಿ ರೇಷ್ಮೆ ಸೀರೆಯ ಸಮೇತ ಗೊಬ್ಬರದ ರಾಶಿಗೆ ಹೋದಳು.

"ತೀರ್ಥಹಳ್ಳಿಗೆ ಅಣ್ಣನ ಮಗು ನಾಮಕರಣಕ್ಕೆ ನಾನು ಬಸ್ಸಲ್ಲೇ ಹೋಗ್ತೀನಿ ಅಂದಿದಾಳೆ," ಎಂದ ಬೆಳ್ಳಪ್ಪ. "ಬೈಕು ಸರಿಯಾಗೋ ತನಕ ವಾಪಸ್ಸೂ ಬರಲ್ವಂತೆ. ಮಾವನ ಮನೇಲಿ ನಾನು ತಲೆ ಎತ್ತೋದು ಹೇಗೆ ಮಾರಾಯ?"

"ಆ ಮನೆಯ ಸೂರೇ ಗಿಡ್ಡ. ನೀವು ಯಾವತ್ತು ತಲೆ ಎತ್ತಿದ್ರಿ?"

ಅಳೆಯಬೇಕಿತ್ತು. ಮಹಾಗಣಪತಿಯ ಟೇಪಿನ ಅಂಕಿಗಳನ್ನೆಲ್ಲ ಗ್ರೀಸು ನುಂಗಿತ್ತು. ಪಕ್ಕದ ಅಂಗಡಿಯ ದರ್ಜಿ ಹೂವಪ್ಪ ಕರೆಯದೆಯೇ ಬಂದ. ಪ್ಯಾಂಟಿಗೆ ಅಳೆದಂತೆ ತೊಡೆ ಸಂದಿನಿಂದ ಹಿಮ್ಮಡಿಯವರೆಗೆ ಅಳೆದು, ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಅಡಿಗೆ ಹಲಗೆ ಸೇರಿ, ಅವನು ಬರೆದಷ್ಟೇ ಎತ್ತರಕ್ಕೆ ಸೀಟು ಏರಿತು. ಶಾಕ್ ಅಬ್ಸಾರ್ಬರಿನ ಬುಡಕ್ಕೆ ಕಬ್ಬಿಣ ಬೆಸೆದದ್ದಾಯಿತು, ಹ್ಯಾಂಡಲಿಗೆ ಪೈಪಿನ ಕುತ್ತಿಗೆ ಬಂತು, ಕಾಲಿಡುವ ಕಡ್ಡಿ ಕೆಳಗಿಳಿಯಿತು. ಮಿಕ್ಕ ಹಲಗೆಯನ್ನು ಯಾಕೆ ದಂಡ ಮಾಡುವುದೆಂದು ಮಹಾಗಣಪತಿ ಹಿಂದಿನ ಸೀಟಿನಡಿಗೆ ತುರುಕಿದ; ಅದು ಮುಂದಿನದಕ್ಕಿಂತಲೂ ಎತ್ತರವಾಯಿತು.

ನಾಮಕರಣದ ಬೆಳಿಗ್ಗೆ ಬೆಳ್ಳಪ್ಪ ಬೈಕು ಹತ್ತಿ ಹ್ಯಾಂಡಲ್ ತಿರುಗಿಸಿದ. ಮೊಣಕಾಲು ಎಲ್ಲೂ ತಾಗಲಿಲ್ಲ. ಪಾದವೂ ನೆಲಕ್ಕೆ ತಾಗಲಿಲ್ಲ. ಒಂದು ಹೆಬ್ಬೆರಳು ಮಾತ್ರ ಮರ್ಯಾದೆಗೆ ಮುಟ್ಟಿತು.

"ನನ್ನ ಕಾಲು ಗಿಡ್ಡ ಆಯ್ತೇನೋ?"

"ನನ್ನ ತಪ್ಪಲ್ಲ, ಹೂವಪ್ಪನ ಅಳತೆ," ಎಂದು ಮಹಾಗಣಪತಿ ಗೋಡೆ ತೋರಿಸಿದ.

"ಅಳತೆ ಸರಿಯಾಗೇ ಉಂಟು," ಎಂದ ಹೂವಪ್ಪ. "ಎರಡಿಂಚು ಜಾಸ್ತಿ ಬಿಟ್ಟಿದೀನಿ ಅಷ್ಟೆ."

"ಯಾಕೆ?"

"ಮಳೆಗಾಲದಲ್ಲಿ ಒಲೆ ಮೇಲೆ ಒಣಗಿಸಿದ್ರೆ ಕುಗ್ಗಲ್ವಾ? ನಾನು ಎಲ್ಲರಿಗೂ ಬಿಡ್ತೀನಿ."

ಬೈಕನ್ನು ಒಲೆಯ ಮೇಲೆ ನೇತುಹಾಕುವ ಮನೆ ಯಾವುದೆಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಹೂವಪ್ಪನ ಮಾತು ಕೇಳಿಸಿಕೊಳ್ಳುತ್ತಲೇ ಶರಾವತಿ ಚೀಲ ಹಿಡಿದು ಬಂದಳು. ಎದುರಿಗೆ ತೀರ್ಥಹಳ್ಳಿ ಬಸ್ಸು ಗುರುಗುಟ್ಟುತ್ತಿತ್ತು. ಅವಳು ಬೈಕನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ಏಣಿ ಎಲ್ಲಿ?"

"ಎರಡಿಂಚು ಕತ್ತರಿಸ್ತೀನಿ ಅಕ್ಕ, ನಾಳೆ ಬನ್ನಿ," ಎಂದ ಮಹಾಗಣಪತಿ.

ಅವಳು ಬಸ್ಸಿನ ಕಡೆ ಹೊರಟೇಬಿಟ್ಟಳು. ಹೂವಪ್ಪ ಓಡಿಹೋಗಿ ತನ್ನ ಸ್ಟೂಲು ತಂದಿಟ್ಟ. "ಒಂದ್ಸಲ ಕೂತು ನೋಡು ಮಾರಾಯ್ತಿ," ಎಂದು ಬೆಳ್ಳಪ್ಪ ಗೋಗರೆದ. ಮಹಾಗಣಪತಿ ಬೈಕನ್ನು ಹಿಡಿದುಕೊಂಡ. ಅವಳು ಸ್ಟೂಲು ಹತ್ತಿ, ಗಂಡನ ಭುಜ ಹಿಡಿದು ಕೂತಳು. ಕೂತವಳು ಕುತ್ತಿಗೆ ಉದ್ದ ಮಾಡಿ ಮುಂದೆ ನೋಡಿದಳು.

"ಏನಾಯ್ತೇ?"

"ರಸ್ತೆ ಕಾಣ್ತದೆ ಕಣ್ರೀ! ಮದುವೆಯಾದಾಗಿಂದ ನಿಮ್ಮ ಕಾಲರ್ ಕೊಳೆ ಬಿಟ್ಟು ನಾನು ಬೇರೆ ಏನು ನೋಡಿದೀನಿ? ಗುಂಡಿ ಬಂದ್ರೆ ಇನ್ಮೇಲೆ ನಾನೇ ಹೇಳ್ತೀನಿ. ಹೊರಡಿ."

"ಅಲ್ಲಿ ಇಳಿಯೋದು ಹೇಗೆ?"

"ಹೂವಪ್ಪಣ್ಣ, ಆ ಸ್ಟೂಲು ಇತ್ಲಾಗೆ ಕೊಡಿ."

"ಅಯ್ಯೋ, ಅದು ಮಿಷನ್ನಿಂದು ತಂಗಿ..."

"ಸಂಜೆ ತಂದು ಕೊಡ್ತೀನಿ. ಅಷ್ಟರಲ್ಲಿ ಕುಗ್ಗಲ್ಲ ಬಿಡಿ."

ಬೈಕು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿ, ಸ್ಟೂಲಿನ ಕಾಲುಗಳನ್ನು ಆಕಾಶಕ್ಕೆ ತೋರಿಸುತ್ತ ಬಸ್ಸಿಗಿಂತ ಮೊದಲೇ ಹೊರಟಿತು. "ಗುಂಡಿ! ಗುಂಡಿ!" ಎಂಬ ಕೂಗು ತಿರುವಿನವರೆಗೂ ಕೇಳಿಸಿತು. ಹೂವಪ್ಪ ಅಂಗಡಿಯೊಳಗೆ ಹೋಗಿ, ಅರ್ಧ ಹೊಲಿದ ಚಡ್ಡಿಯನ್ನು ಕೈಗೆತ್ತಿಕೊಂಡು, ದಿನದಂತೆ ಮಿಷನ್ನಿನ ಮುಂದೆ, ಹಿಂದೆ ತಿರುಗಿ ನೋಡದೆ, ಕೂತ. ನೆಲ ತುಸು ಕೆಳಗಿತ್ತು.