ಸಮುದ್ರದ ಪಾಲು

"ಅಣ್ಣ, ಮಳೆಯ ಭಾಗ ಬಂದಾಗ ಹಾಗೇ ಓದ್ಬೇಡಿ," ಎಂದು ಮಗಳು ಗೋದಾ ಮೂರನೇ ಸಲ ಹೇಳಿದಾಗ ಬದರೀನಾರಾಯಣರು ಬರೀ ಬೇವು ತಿಂದವರ ಹಾಗೆ ಮುಖ ಮಾಡಿದರು.

"ನಾನು ಓದೋನು ಕಣೇ, ಬರೆಯೋನಲ್ಲ. ಮೂವತ್ತು ವರ್ಷದಲ್ಲಿ ಒಂದಕ್ಷರ ಆಚೀಚೆ ಮಾಡಿಲ್ಲ."

ಅದು ನಿಜ. ಪ್ರತಿ ಯುಗಾದಿಗೂ ಮಲ್ಲೇಶ್ವರದ ಆ ಪುಟ್ಟ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಿದ್ದವರು ಅವರೇ. ಅಚ್ಚಿನ ತಪ್ಪನ್ನೂ ತಪ್ಪಾಗಿಯೇ ಓದಿ, ಮನೆಗೆ ಬಂದು ಅಚ್ಚು ಹಾಕಿದವರನ್ನು ಬೈಯುವಷ್ಟು ನಿಯತ್ತು. ಪಂಚಾಂಗವು ವರ್ಷದ ಮಳೆಯನ್ನು ಇಪ್ಪತ್ತು ಪಾಲು ಮಾಡುತ್ತದೆ. ಈ ಪ್ರಭವ ಸಂವತ್ಸರದಲ್ಲಿ ಸಮುದ್ರಕ್ಕೆ ಹತ್ತು, ಬೆಟ್ಟಕ್ಕೆ ಆರು, ಭೂಮಿಗೆ ನಾಲ್ಕು. ಒಳ್ಳೆಯ ಮಳೆಯೆಂದೇ ಅರ್ಥ.

ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಕೆಲಸ ಮಾಡುವ ಗೋದಾಳಿಗೆ ಆ ನಾಲ್ಕೇ ಹೆದರಿಕೆ. "ಪೆಸಿಫಿಕ್ ಸಮುದ್ರ ಬಿಸಿಯಾಗಿದೆಯಂತೆ. ಹಾಗಾದಾಗ ಮಳೆ ಅಲ್ಲೇ ನೀರಿನ ಮೇಲೆ ಸುರಿದುಹೋಗುತ್ತೆ, ನಮ್ಮ ಮುಂಗಾರು ಸೊರಗುತ್ತೆ. ಬರ ಬಂದೇ ಬರುತ್ತೆ ಅಂತ ಹೇಳಕ್ಕಾಗಲ್ಲ. ಆದ್ರೆ ನಾರಾಯಣಮ್ಮ ಇರೋ ಬೀಜಾನೆಲ್ಲ ಬಿತ್ತಿಬಿಡ್ತಾಳೆ."

ನಾರಾಯಣಮ್ಮ ದೇವನಹಳ್ಳಿ ಕಡೆಯಿಂದ ಬಂದು ಎಂಟನೇ ಕ್ರಾಸಿನಲ್ಲಿ ಸೊಪ್ಪು ಮಾರುವವಳು. ಮನೆಯಲ್ಲಿ ಮೂರು ಮೂಟೆ ಕಡಲೆಕಾಯಿ ಬೀಜ ಜೋಪಾನ ಮಾಡಿದ್ದಳು. ಗೋದಾ ಅವಳಿಗೂ ಹೇಳಿ ನೋಡಿದ್ದಳು. "ಸಾಮೇರು ಓದ್ಲಿ ತಾಯಿ, ಆಮೇಲ್ ನೋಡಾನ," ಎಂದು ನಕ್ಕುಬಿಟ್ಟಿದ್ದಳು.

ದೇವಸ್ಥಾನ ತುಂಬಿತ್ತು. ಬದರೀನಾರಾಯಣರ ಪಕ್ಕದಲ್ಲಿ ಹಳೆಯ ಗೆಳೆಯ ಶೀನಣ್ಣ ತನ್ನದೇ ಪಂಚಾಂಗ ಬಿಡಿಸಿಕೊಂಡು ಗೆರೆ ಗೆರೆಗೂ ಬೆರಳಿಟ್ಟು ಕೂತಿದ್ದ. ಬದರೀನಾರಾಯಣರು ಸಲೀಸಾಗಿ ಓದುತ್ತ ಮಳೆಯ ಭಾಗಕ್ಕೆ ಬಂದರು. ಒಮ್ಮೆ ತಲೆಯೆತ್ತಿದರು. ಕಂಬದ ಬಳಿ ನಾರಾಯಣಮ್ಮ ನಾಲ್ಕು ಬೆರಳು ಬಿಡಿಸಿ ಕಾಯುತ್ತಿದ್ದಳು. ಓದು ಬಾರದ ಅವಳು ಪ್ರತಿ ಸಲವೂ ನಾಲ್ಕು ಬೆರಳು ಬಿಡಿಸಿಟ್ಟು, ಭೂಮಿಯ ಪಾಲು ಕೇಳಿದ ಮೇಲೆ ಅಷ್ಟನ್ನೇ ಉಳಿಸಿಕೊಳ್ಳುತ್ತಿದ್ದಳು.

"ಸಮುದ್ರಕ್ಕೆ... ಹದಿಮೂರು," ಎಂದರು. "ಬೆಟ್ಟಕ್ಕೆ ಆರು. ಭೂಮಿಗೆ ಒಂದು."

ಶೀನಣ್ಣ ಜೋರಾಗಿ ಕೆಮ್ಮಿದ. ನಾರಾಯಣಮ್ಮ ಮೂರು ಬೆರಳು ಮಡಿಸಿದಳು.

"ಬದರಿ, ಕಣ್ ತೋರಿಸ್ಕೊಳಯ್ಯ. ನಾಲ್ಕನ್ನ ಒಂದು ಅಂತ ಓದ್ಬಿಟ್ಯಲ್ಲ!" ಎಂದು ಶೀನಣ್ಣ ಪ್ರಸಾದ ಹಂಚುವಾಗ ಎಲ್ಲರಿಗೂ ಕೇಳುವಂತೆ ಅಂದ.

"ಹೌದು ಮಾರಾಯ, ವಯಸ್ಸಾಯ್ತು," ಎಂದರು ಬದರೀನಾರಾಯಣರು. ಗೋದಾಳಿಗೆ ಅಳು ಬಂತು. ತಂದೆ ಮಾತ್ರ ಮನೆಯವರೆಗೂ ಅವಳ ಕಡೆ ತಿರುಗಿ ನೋಡಲಿಲ್ಲ.

ಆ ವರ್ಷ ಮುಂಗಾರು ಕೈಕೊಟ್ಟಿತು. ಕಾರ್ತಿಕ ಕಳೆದ ಮೇಲೊಂದು ಬೆಳಿಗ್ಗೆ ನಾರಾಯಣಮ್ಮ ಎರಡು ಸೇರು ಹುರುಳಿ ತಂದು ಜಗಲಿಯ ಮೇಲಿಟ್ಟಳು.

"ಸುತ್ತಲೋರ ಕಡ್ಲೆಕಾಯೆಲ್ಲ ಒಣಗೋಯ್ತು ಸಾಮಿ. ನಾನು ಬೀಜ ಮುಟ್ನಿಲ್ಲ. ಕಡೇಲಿ ಒಸಿ ಹನಿ ಬಿದ್ದಾಗ ಹುರ್ಳಿ ಚೆಲ್ದೆ. ಪಂಚಾಂಗ ಸುಳ್ಳೇಳಕಿಲ್ಲ ಬುಡಿ."

ಅವಳು ಹೋದ ಮೇಲೆ ಬದರೀನಾರಾಯಣರು ಹುರುಳಿಯನ್ನು ಮಗಳ ಸೆರಗಿಗೆ ಸುರಿದು, "ಇದು ನಿಂದು," ಎಂದಷ್ಟೇ ಅಂದು ಪಂಚಾಂಗವನ್ನೂ ಅವಳ ಕೈಗಿಟ್ಟು ಒಳಗೆ ಹೋದರು.

ಗೋದಾ ಮಳೆಯ ಪುಟ ತೆಗೆದಳು. ಅಚ್ಚಾದ ನಾಲ್ಕು ಹಾಗೆಯೇ ಇತ್ತು. ಪಕ್ಕದ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: 'ಭೂಮಿಗೆ ಒಂದು. ಗೋದಾ ಉವಾಚ.'